ಕೋಟು ಹೊಸದರ ಹಾಗೇ ಇದೆ, ಪ್ಯಾಂಟು ಮಾತ್ರ ಸವೆದುಹೋಯಿತು. ಯಾಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಅಳತೆ ಕೊಟ್ಟು ಒಂದು ಸೂಟು ಹೊಲಿಸಿದೆ. ಪೂರ್ತಿ ಉಣ್ಣೆ ಬಟ್ಟೆ, ಸೂಪರ್ 150. ವಾರದಲ್ಲಿ ಮೂರ್ನಾಲ್ಕು ದಿನ ಆಫೀಸಿಗೆ ಹಾಕುತ್ತೇನೆ, ಓಡಾಟ ಬೈಕಿನಲ್ಲಿ. ಕೋಟಿಗೆ ಏನೂ ಆಗಿಲ್ಲ. ಪ್ಯಾಂಟು ಮಾತ್ರ ತೊಡೆಸಂದಿನಲ್ಲಿ ಜಾಳಾಗಿದೆ, ಎಡಗಡೆ ಸಣ್ಣ ತೂತೂ ಬಿದ್ದಿದೆ. ಸೀಟು ಹೊಳೆಯುತ್ತಿದೆ, ಹಿಮ್ಮಡಿ ಹತ್ತಿರ ಅಂಚು ಜೂಲು ಬಂದಿದೆ. ನನ್ನ ತೊಡೆ ದಪ್ಪ, ಅದಕ್ಕೇ ಹೀಗೆ ಅಂತ ಟೈಲರ್ ಹೇಳುತ್ತಾರೆ. ಡ್ರೈಕ್ಲೀನ್ ಮಾಡಿಸಿ ಮಾಡಿಸಿ ಉಣ್ಣೆಯ ಜಿಡ್ಡು ಹೋಗಿದೆ ಅಂತ ಒಬ್ಬ ಸ್ನೇಹಿತ ಹೇಳಿದ. ಲೈನಿಂಗ್ ಹಾಕಿಸಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ಇನ್ನೊಬ್ಬ. ಇದನ್ನು ಉಳಿಸಿಕೊಳ್ಳಬಹುದಾ? ಮುಂದಿನ ಸಲ ಹೊಲಿಸುವಾಗ ಏನು ಹೇಳಬೇಕು?

ಉತ್ತರ: ಮೊದಲಿಗೆ, ಇದು ನಿಮ್ಮ ತೊಡೆಯ ತಪ್ಪಲ್ಲ. ನಡೆಯುವಾಗ ಹೆಚ್ಚುಕಮ್ಮಿ ಎಲ್ಲರ ಪ್ಯಾಂಟೂ ಆ ಜಾಗದಲ್ಲಿ ಉಜ್ಜುತ್ತದೆ. ನನ್ನ ಹತ್ತಿರ ದುರಸ್ತಿಗೆ ಬರುವ ಸೂಟ್ ಪ್ಯಾಂಟುಗಳಲ್ಲಿ ತೆಳ್ಳಗಿರುವವರದ್ದೂ ಬೇಕಾದಷ್ಟಿವೆ, ಅವೂ ಅಲ್ಲೇ ಸವೆದಿರುತ್ತವೆ. ತೊಡೆ ದಪ್ಪ ಇದ್ದರೆ ಸ್ವಲ್ಪ ಬೇಗ ಆಗುತ್ತದೆ, ಅಷ್ಟೇ. ಆ ತೊಡೆಗೆ ತಕ್ಕ ಬಟ್ಟೆ ಆರಿಸಿ, ತಕ್ಕ ಹಾಗೆ ಕತ್ತರಿಸಿಕೊಡಲಿ ಅಂತಲೇ ಅಲ್ವಾ ನಾವು ಅಳತೆ ಕೊಟ್ಟು ಹೊಲಿಸುವುದು?

ಕೋಟು ಉಳಿದು ಪ್ಯಾಂಟು ಹೋಗುವುದು ಎಲ್ಲ ಸೂಟಿನ ಕಥೆ. ಕೋಟಿಗೆ ಒಳಗಡೆ ಪೂರ್ತಿ ಅಸ್ತರು ಇರುತ್ತದೆ, ಕ್ಯಾನ್ವಾಸ್ ಇರುತ್ತದೆ, ಆಫೀಸಿಗೆ ಹೋದ ಕೂಡಲೇ ಅದನ್ನು ಬಿಚ್ಚಿ ಕುರ್ಚಿಗೆ ನೇತುಹಾಕುತ್ತೀರಿ. ಪ್ಯಾಂಟಿಗೆ ಆ ಬಿಡುವಿಲ್ಲ. ಕೂತರೆ ಅದರ ಮೇಲೇ ಕೂರಬೇಕು, ನಡೆದರೆ ಅದೇ ಉಜ್ಜಬೇಕು, ಬೆವರಿದರೆ ಅದೇ ಹೀರಬೇಕು. ತೊಡೆಸಂದಿನಲ್ಲಿ ಉಜ್ಜಾಟ, ಬೆವರು, ಎಳೆತ ಮೂರೂ ಒಂದೇ ಅಂಗೈಯಗಲ ಜಾಗದಲ್ಲಿ ಸೇರುತ್ತವೆ. ಉಣ್ಣೆ ಬೆವರನ್ನು ಚೆನ್ನಾಗಿ ಹೀರುತ್ತದೆ, ತನ್ನ ತೂಕದ ಸುಮಾರು 30 ಪರ್ಸೆಂಟ್ ತನಕ ತೇವ ಒಳಗಿಟ್ಟುಕೊಂಡೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಆದರೆ ತೇವದ ಉಣ್ಣೆಗೆ ಒಣ ಉಣ್ಣೆಯ ಬಲ ಇರುವುದಿಲ್ಲ. ಹತ್ತಿ ಇದಕ್ಕೆ ಉಲ್ಟಾ, ಒದ್ದೆಯಾದರೆ ಇನ್ನೂ ಗಟ್ಟಿ. ಹಾಗಾಗಿ ಬೆವರಿದ ಉಣ್ಣೆ ಪ್ಯಾಂಟಿನಲ್ಲಿ ಜಾಸ್ತಿ ನಡೆದರೆ ಬಟ್ಟೆ ತನ್ನ ಬಲ ಕಡಿಮೆ ಇರುವ ಹೊತ್ತಿನಲ್ಲೇ ಉಜ್ಜಿಸಿಕೊಳ್ಳುತ್ತದೆ.

ಈಗ ನಿಮ್ಮ ಬಟ್ಟೆಗೆ ಬರೋಣ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇದೆ. ಸೂಪರ್ 150 ಅಂದರೆ ಸೂಪರ್ 100ಕ್ಕಿಂತ ಗಟ್ಟಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆ ನಂಬರು ಹೇಳುವುದು ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದನ್ನು ಮಾತ್ರ. ಸೂಪರ್ 100 ಅಂತ ಬರೆಯಬೇಕಾದರೆ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಮೀರಬಾರದು, ಸೂಪರ್ 150ಕ್ಕೆ 16.25 ಮೀರಬಾರದು. ನಂಬರು ಏರಿದ ಹಾಗೆ ಬಟ್ಟೆ ನುಣುಪಾಗುತ್ತದೆ, ಮೈಮೇಲೆ ಚೆಂದ ಬೀಳುತ್ತದೆ, ದುಡ್ಡೂ ಜಾಸ್ತಿ. ಆದರೆ ಸಣ್ಣ ಎಳೆ ಉಜ್ಜಾಟಕ್ಕೆ ಬೇಗ ತುಂಡಾಗುತ್ತದೆ. ಮದುವೆಗೆ, ಸಮಾರಂಭಕ್ಕೆ ಅಂತ ಆಗೀಗ ಹಾಕುವ ಸೂಟಿಗೆ ಅದು ಒಳ್ಳೆಯ ಬಟ್ಟೆ. ವಾರಕ್ಕೆ ಮೂರ್ನಾಲ್ಕು ಸಲ, ಅದೂ ಬೈಕಿನ ಮೇಲೆ ಹಾಕಿದರೆ ಎರಡು ವರ್ಷ ಬಂದಿದ್ದೇ ದೊಡ್ಡದು. ನಿಮ್ಮ ಬಳಕೆ ಏನು ಅಂತ ಬಟ್ಟೆ ಕೊಡುವಾಗಲೇ ಯಾರಾದರೂ ಕೇಳಬೇಕಿತ್ತು. ಕೇಳದೇ ಇದ್ದಿದ್ದು ನನಗೆ ನಿಜವಾಗಲೂ ಬೇಜಾರಿನ ವಿಷಯ.

ಡ್ರೈಕ್ಲೀನ್ ಮಾಡಿದರೆ ಉಣ್ಣೆಯ ಜಿಡ್ಡು ಹೋಗುತ್ತದೆ ಅನ್ನುವ ಮಾತಿನಲ್ಲಿ ಹುರುಳಿಲ್ಲ. ಕುರಿಯ ಉಣ್ಣೆಯಲ್ಲಿ ಜಿಡ್ಡು ಇರುವುದು ನಿಜ. ಆದರೆ ನೂಲು ತೆಗೆಯುವ ಮುಂಚೆಯೇ ಉಣ್ಣೆಯನ್ನು ತೊಳೆದು ಅದನ್ನು ತೆಗೆದಿರುತ್ತಾರೆ, ಇಲ್ಲದಿದ್ದರೆ ಬಣ್ಣವೇ ಸರಿಯಾಗಿ ಕೂರುವುದಿಲ್ಲ. ನಿಮ್ಮ ಸೂಟಿನ ಬಟ್ಟೆ ಅಂಗಡಿಗೆ ಬಂದಾಗಲೇ ಅದರಲ್ಲಿ ಹೇಳಿಕೊಳ್ಳುವಷ್ಟು ಜಿಡ್ಡು ಇರಲಿಲ್ಲ. ಡ್ರೈಕ್ಲೀನಿನಿಂದ ತೊಂದರೆಯೇ ಇಲ್ಲ ಅಂತಲ್ಲ, ಅದು ಬರುವುದು ಬೇರೆ ಕಡೆಯಿಂದ. ಮೆಷಿನ್ನಿನಲ್ಲಿ ಬಟ್ಟೆ ಉರುಳಾಡುತ್ತದೆ, ಆಮೇಲೆ ಗಡಿಬಿಡಿಯಲ್ಲಿ ಬಿಸಿ ಪ್ರೆಸ್ ಹಾಕಿ ಅಮುಕುತ್ತಾರೆ. ಜೇಬಿನ ಅಂಚು, ಹೊಲಿಗೆಯ ಉಬ್ಬು ಎಲ್ಲ ಅಲ್ಲೇ ಚಪ್ಪಟೆಯಾಗಿ ಹೊಳಪು ಬರಲು ಶುರುವಾಗುವುದು. ಹಾಗಂತ ಕೊಡದೇ ಇಟ್ಟುಕೊಳ್ಳುವುದೂ ತಪ್ಪು. ಬೆವರಿನ ಉಪ್ಪು, ರಸ್ತೆಯ ಧೂಳು ನೂಲಿನ ಸಂದಿಯಲ್ಲಿ ಕೂತರೆ ಹೆಜ್ಜೆ ಹೆಜ್ಜೆಗೂ ಉಪ್ಪುಕಾಗದದ ಕೆಲಸ ಮಾಡುತ್ತದೆ. ಕೊಳೆ ಕಂಡಾಗ ಅಥವಾ ವಾಸನೆ ಬಂದಾಗ ಕೊಡಿ. ವಾರ ವಾರ ಕೊಡುವ ಅಗತ್ಯ ಇಲ್ಲ. ಕೊಡುವಾಗ ಕೋಟು, ಪ್ಯಾಂಟು ಒಟ್ಟಿಗೇ ಕೊಡಿ. ಪ್ಯಾಂಟನ್ನು ಮಾತ್ರ ಮತ್ತೆ ಮತ್ತೆ ಕೊಟ್ಟರೆ ನಿಧಾನವಾಗಿ ಎರಡರ ಬಣ್ಣ ಬೇರೆ ಬೇರೆಯಾಗುತ್ತದೆ.

ಲೈನಿಂಗ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ಇದನ್ನು ನಂಬಿ ನಿರಾಸೆ ಪಟ್ಟವರನ್ನು ತುಂಬಾ ನೋಡಿದ್ದೇನೆ. ಪ್ಯಾಂಟಿನ ಮುಂಭಾಗಕ್ಕೆ ಮಂಡಿಯ ಕೆಳಗಿನ ತನಕ ಲೈನಿಂಗ್ ಹಾಕುವುದು ಮಂಡಿ ಉಬ್ಬಬಾರದು, ಉಣ್ಣೆ ಚುಚ್ಚಬಾರದು, ಕಾಲು ಸಲೀಸಾಗಿ ಜಾರಬೇಕು ಅಂತ. ತೊಡೆಸಂದಿನಲ್ಲಿ ಉಜ್ಜಾಡುವುದು ಬಟ್ಟೆಯ ಹೊರಮೈ. ಎಡಗಾಲಿನ ಬಟ್ಟೆಯ ಹೊರಮೈ ಬಲಗಾಲಿನ ಬಟ್ಟೆಯ ಹೊರಮೈಗೆ ಉಜ್ಜುವಾಗ ಒಳಗಿರುವ ಲೈನಿಂಗ್ ಏನು ಮಾಡೀತು? ಅದೇ ಜಾಗಕ್ಕೆ ಒಳಗಿನಿಂದ ತೆಳು ಕಾಟನ್ನಿನ ಒಂದು ತುಂಡು ಇಡುತ್ತಾರಲ್ಲ, ಅದರಿಂದ ಉಪಯೋಗ ಇದೆ. ಬೆವರನ್ನು ಅದು ಮೊದಲು ಹೀರುತ್ತದೆ, ಎಳೆತದಲ್ಲಿ ಪಾಲು ತೆಗೆದುಕೊಳ್ಳುತ್ತದೆ, ಮುಂದೆ ದುರಸ್ತಿ ಮಾಡುವಾಗ ಹೊಲಿಗೆಗೆ ಆಧಾರವೂ ಆಗುತ್ತದೆ. ಹಾಕಿಸಿ ಅಂತಲೇ ನಾನು ಹೇಳುವುದು. ಆದರೆ ಹೊರಗಿನ ಸವೆತವನ್ನು ಅದು ನಿಲ್ಲಿಸುತ್ತದೆ ಅಂದುಕೊಳ್ಳಬೇಡಿ.

ಹಾಗಾದರೆ ನಿಲ್ಲಿಸುವುದು ಯಾವುದು? ಪೂರ್ತಿ ಯಾವುದೂ ಇಲ್ಲ, ಕಡಿಮೆ ಮಾಡುವುದು ಕತ್ತರಿಸುವ ರೀತಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ತೊಡೆಸಂದಿನಲ್ಲಿ ಬಟ್ಟೆ ಕೆಳಗೆ ಜೋತು ಬಿದ್ದಿದ್ದರೆ ಆರಾಮ, ಬಾಳಿಕೆಯೂ ಜಾಸ್ತಿ ಅಂತ. ನಿಜ ಅಂದರೆ ಆ ಜಾಗ ಮೈಗೆ ಹತ್ತಿರ, ಎತ್ತರದಲ್ಲೇ ಇರಬೇಕು, ಲೂಸ್ ಬೇಕಾಗಿರುವುದು ತೊಡೆಯ ಸುತ್ತಳತೆಯಲ್ಲಿ. ಜೋತು ಬಿದ್ದರೆ ಎರಡು ಕಾಲಿನ ಬಟ್ಟೆ ಸೇರುವ ಜಾಗ ತೊಡೆಯ ನಡುವೆ ಕೆಳಗಿಳಿಯುತ್ತದೆ, ಹೆಜ್ಜೆ ಇಟ್ಟಾಗಲೆಲ್ಲ ಪ್ಯಾಂಟೇ ಎಳೆಯುತ್ತದೆ. ಮನೆಯಲ್ಲೇ ನೋಡಬಹುದು. ಪ್ಯಾಂಟು ಹಾಕಿಕೊಂಡು ಸೊಂಟ ಎರಡು ಬೆರಳಷ್ಟು ಕೆಳಗಿಳಿಸಿ ಒಂದು ದೊಡ್ಡ ಹೆಜ್ಜೆ ಇಡಿ, ಆಮೇಲೆ ಮೇಲಕ್ಕೆಳೆದು ಅದೇ ಹೆಜ್ಜೆ ಇಡಿ. ವ್ಯತ್ಯಾಸ ತೊಡೆಗೇ ಗೊತ್ತಾಗುತ್ತದೆ. ಹೊಟ್ಟೆಯ ಕೆಳಗೆ ಬೆಲ್ಟ್ ಕಟ್ಟುವ ಅಭ್ಯಾಸ ಇರುವವರ ಸೂಟ್ ಪ್ಯಾಂಟು ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ. ಸೂಟಿನ ಪ್ಯಾಂಟನ್ನು ಅದಕ್ಕೆ ಅಂತ ಕತ್ತರಿಸಿದ ಎತ್ತರದಲ್ಲೇ ಹಾಕಬೇಕು. ಬೆಲ್ಟಿನಲ್ಲಿ ನಿಲ್ಲದೆ ಜಾರುತ್ತಿದ್ದರೆ ಭುಜದ ಮೇಲಿನ ಸಸ್ಪೆಂಡರ್ ಒಳ್ಳೆಯದು. ಕೋಟು ಹಾಕಿದರೆ ಯಾರಿಗೂ ಕಾಣುವುದೂ ಇಲ್ಲ.

ಟೈಟ್ ಪ್ಯಾಂಟಿನ ತೊಂದರೆ ಇನ್ನೊಂದು ತರಹದ್ದು. ಸೀಟಿನ ಹೊಲಿಗೆಯ ಪಕ್ಕ ನೂಲುಗಳು ಒಂದೇ ದಿಕ್ಕಿಗೆ ಸರಿದು ಸಣ್ಣ ಸಣ್ಣ ಏಣಿ ಮೆಟ್ಟಿಲಿನ ಹಾಗೆ ಕಂಡರೆ ಬಟ್ಟೆ ಪಿಸಿಯುತ್ತಿದೆ ಅಂತ ಅರ್ಥ. ಇದು ಸವೆತ ಅಲ್ಲ, ಎಳೆತ. ಕೂಡಲೇ ಒಳಗಿನ ಮಾರ್ಜಿನ್ ಬಿಚ್ಚಿ ಲೂಸ್ ಮಾಡಿಸಬೇಕು. ಆದರೆ ಹೊಲಿಗೆಯ ದಾರ ಮಾತ್ರ ಕಿತ್ತಿದ್ದರೆ ಹೆದರಬೇಡಿ. ಬಟ್ಟೆ ಹರಿಯುವ ಬದಲು ದಾರ ಕಿತ್ತಿದ್ದು ಒಳ್ಳೆಯದೇ ಆಯಿತು, ಐದು ನಿಮಿಷದಲ್ಲಿ ಮತ್ತೆ ಹೊಲಿಯಬಹುದು.

ಇನ್ನು ಹೊಳಪು. ಉಣ್ಣೆ ಬಟ್ಟೆಯ ಮೇಲೆ ಸಣ್ಣ ರೋಮ ನಿಂತಿರುತ್ತದೆ, ಬೆಳಕು ಅದಕ್ಕೆ ಬಿದ್ದು ಚದುರುವುದರಿಂದ ಬಟ್ಟೆ ಮಂದವಾಗಿ ಕಾಣುತ್ತದೆ. ಕೂತು ಕೂತು, ಬಿಸಿ ಇಸ್ತ್ರಿ ಎಳೆದು ಎಳೆದು ಆ ರೋಮ ಮಲಗಿದರೆ ಮೇಲ್ಮೈ ನುಣ್ಣಗಾಗಿ ಹೊಳೆಯುತ್ತದೆ. ಮಲಗಿದ್ದರೆ ಎಬ್ಬಿಸಬಹುದು. ಒಂದು ಪಾಲು ಬಿಳಿ ವಿನೆಗರಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿ, ಮೊದಲು ಒಳಗಿನ ಮಡಿಕೆಯಲ್ಲಿ ಒರೆಸಿ ಬಣ್ಣ ಬಿಡುತ್ತದಾ ನೋಡಿ. ಬಿಡದಿದ್ದರೆ ಹೊಳೆಯುವ ಜಾಗವನ್ನು ಹಿಂಡಿದ ಬಟ್ಟೆಯಿಂದ ಹಗುರವಾಗಿ ಒರೆಸಿ, ಮೇಲೊಂದು ಒದ್ದೆ ಕಾಟನ್ ಬಟ್ಟೆ ಹಾಸಿ, ಇಸ್ತ್ರಿಯನ್ನು ಅಮುಕದೆ ತಾಗಿಸಿ ಹಬೆ ಬರಿಸಿ, ಬಿಸಿ ಇರುವಾಗಲೇ ಮೆತ್ತನೆ ಬ್ರಷ್ಷಿನಿಂದ ರೋಮ ಎಬ್ಬಿಸಿ. ತಕ್ಕಮಟ್ಟಿಗೆ ಮಂಕಾಗುತ್ತದೆ. ರೋಮ ಸವೆದು ಉದುರಿಯೇ ಹೋಗಿದ್ದರೆ ಯಾವ ವಿನೆಗರೂ ಕೆಲಸ ಮಾಡುವುದಿಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಇಸ್ತ್ರಿಯ ಬಿಸಿಗೆ ಬಂದ ಹೊಳಪು ಎಳೆಯೇ ಮೆತ್ತಗಾಗಿ ಚಪ್ಪಟೆಯಾಗಿದ್ದು, ಅದು ವಾಪಸ್ ಬರುವುದಿಲ್ಲ. ಇಸ್ತ್ರಿ ಯಾವತ್ತೂ ಒಳಮೈಗೆ ಅಥವಾ ಮೇಲೆ ಬಟ್ಟೆ ಹಾಸಿ ಮಾಡಿ. ಉಣ್ಣೆಗೆ ಎರಡು ಚುಕ್ಕಿಯ ಬಿಸಿ ಸಾಕು, ಅಂದರೆ ಹೆಚ್ಚೆಂದರೆ 150 ಡಿಗ್ರಿ. ಎತ್ತಿ ಇಡಿ, ಎಳೆಯಬೇಡಿ.

ಜೂಲು ಬಂದ ಅಂಚು ಸುಲಭದ ಕೆಲಸ. ಪ್ಯಾಂಟು ಉದ್ದವಾಗಿ ಶೂ ಹಿಮ್ಮಡಿಗೆ ಉಜ್ಜುತ್ತಿದೆ, ಅಷ್ಟೇ. ಅರ್ಧ ಸೆಂಟಿಮೀಟರ್ ಮೇಲೆ ಮಡಿಸಿ, ಒಳಗಡೆ ಹಿಂಭಾಗಕ್ಕೆ ಒಂದು ಗಟ್ಟಿ ಟೇಪು ಇಟ್ಟು ಹೊಲಿಸಿ. ಟೇಪು ಬಟ್ಟೆಯ ಅಂಚಿಗಿಂತ ಕೂದಲೆಳೆಯಷ್ಟು ಹೊರಗಿರಲಿ. ಉಜ್ಜಿದರೆ ಟೇಪು ಉಜ್ಜಲಿ, ಅದನ್ನು ಬದಲಾಯಿಸಬಹುದು. ಜೇಬಿನ ಒಳಬಟ್ಟೆ ಬೀಗದಕೈಗೆ ತೂತಾದರೂ ಅಷ್ಟೇ, ಕೆಳಗಿನ ಅರ್ಧ ಹೊಸದು ಹಾಕಬಹುದು. ಫೋನು, ಪರ್ಸು ಮಾತ್ರ ಪ್ಯಾಂಟಿನಲ್ಲಿ ಇಡಬೇಡಿ. ಅದರ ನಾಲ್ಕು ಮೂಲೆಯ ಗುರುತು ತೊಡೆಯ ಮೇಲೆ ಬಿದ್ದು ಅಲ್ಲೇ ಬಿಳಿಚುತ್ತದೆ.

ಈಗ ನಿಮ್ಮ ತೂತಿನ ವಿಷಯ. ಪ್ಯಾಂಟನ್ನು ಒಳಮಗ್ಗಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ತೂತಿನ ಸುತ್ತ ಎಷ್ಟಗಲ ಬೆಳಕು ಸೋರುತ್ತಿದೆ ನೋಡಿ. ಸವೆತ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ: ಮೊದಲು ಸಣ್ಣ ಉಂಡೆಗಳು ಏಳುತ್ತವೆ, ಆಮೇಲೆ ಆ ಜಾಗ ನುಣ್ಣಗೆ ಬೋಳಾಗುತ್ತದೆ, ಆಮೇಲೆ ಒಂದು ದಿಕ್ಕಿನ ನೂಲು ಮಾತ್ರ ಉಳಿದು ಗೀರು ಗೀರಾಗಿ ಕಾಣುತ್ತದೆ, ಕೊನೆಗೆ ತೂತು. ತೂತು ಕಾಣುವ ಹೊತ್ತಿಗೆ ಅದರ ಸುತ್ತಲಿನ ಬಟ್ಟೆಯೂ ಮುಕ್ಕಾಲು ಸತ್ತಿರುತ್ತದೆ. ಹಾಗಾಗಿ ತೂತು ಮುಚ್ಚಿದರೆ ಸಾಲದು, ಬೆಳಕು ಸೋರುವ ಅಷ್ಟೂ ಜಾಗಕ್ಕೆ, ಅದಕ್ಕಿಂತ ಎರಡು ಬೆರಳು ಜಾಸ್ತಿಯೇ ಆಧಾರ ಕೊಡಬೇಕು.

ನಿಮಗೆ ಮೂರ್ನಾಲ್ಕು ದಾರಿ ಇವೆ. ಒಳಗಿನಿಂದ ತೆಳು ಬಟ್ಟೆ ಇಟ್ಟು, ಹೊಂದುವ ಬಣ್ಣದ ಸಣ್ಣ ದಾರದಲ್ಲಿ ಮೇಲಿಂದ ಒತ್ತೊತ್ತಾಗಿ ಹೊಲಿಯುವುದು ನನಗೆ ಇಷ್ಟದ್ದು. ಹತ್ತಿರದಿಂದ ನೋಡಿದರೆ ಗೆರೆ ಕಾಣುತ್ತದೆ, ಸ್ವಲ್ಪ ಗಟ್ಟಿಯೂ ಆಗುತ್ತದೆ. ಆದರೆ ಆ ಜಾಗ ಯಾರು ನೋಡುತ್ತಾರೆ? ಇಸ್ತ್ರಿ ಹಾಕಿದರೆ ಅಂಟುವ ಫ್ಯೂಸಿಂಗ್ ತುಂಡು ಇಡಿಸಬೇಡಿ, ನಾಳೆ ಬೆಳಿಗ್ಗೆಯೇ ಹಾಕಿಕೊಳ್ಳಬೇಕು ಅನ್ನುವ ಪರಿಸ್ಥಿತಿ ಬಿಟ್ಟು. ಅದರ ಗಡಸು ಅಂಚು ಮೆತ್ತನೆ ಬಟ್ಟೆಗೆ ತಾಗಿ ಅಂಚಿನುದ್ದಕ್ಕೂ ಹೊಸದಾಗಿ ಹರಿಯುತ್ತದೆ, ಡ್ರೈಕ್ಲೀನಿಗೆ ಅಂಟೂ ಬಿಡುತ್ತದೆ. ರಫು ಮಾಡಿಸುತ್ತೇನೆ ಅಂತ ಅನಿಸಬಹುದು. ಪ್ಯಾಂಟಿನ ಒಳಗಿನಿಂದಲೇ ಎಳೆ ತೆಗೆದು ಮತ್ತೆ ನೇಯುವ ಆ ಕೆಲಸ ನಿಜಕ್ಕೂ ದೊಡ್ಡ ಕಸುಬು. ಆದರೆ ಅದು ಕಿಡಿ ಬಿದ್ದ ತೂತಿಗೆ, ಮೊಳೆಗೆ ಸಿಕ್ಕಿ ಹರಿದದ್ದಕ್ಕೆ, ಅಂದರೆ ಸುತ್ತಲಿನ ಬಟ್ಟೆ ಗಟ್ಟಿ ಇರುವ ಕಡೆಗೆ. ಜಾಳಾದ ಬಟ್ಟೆಗೆ ರಫು ಮಾಡಿದರೆ ಎಳೆ ಹಿಡಿಯಲು ಆಧಾರವೇ ಇರುವುದಿಲ್ಲ, ದುಡ್ಡು ದಂಡ. ಬೆಳಕು ಅಂಗೈಯಗಲ ಸೋರುತ್ತಿದ್ದರೆ ಸವೆದ ಭಾಗವನ್ನೇ ಕತ್ತರಿಸಿ ತೆಗೆದು ಅದೇ ಬಟ್ಟೆಯ ತುಂಡು ಕೂರಿಸಬೇಕು. ಅದಕ್ಕೆ ಉಳಿದ ಬಟ್ಟೆ ನಿಮ್ಮ ಹತ್ತಿರ ಇರಬೇಕು. ಟೈಲರ್ ಇಟ್ಟುಕೊಂಡಿದ್ದಾರಾ ಕೇಳಿ, ಕೆಲವರು ಇಟ್ಟಿರುತ್ತಾರೆ. ದುರಸ್ತಿ ಮಾಡಿಸುವಾಗಲೇ ತೊಡೆಯ ಒಳಹೊಲಿಗೆಯಲ್ಲಿ ಮಾರ್ಜಿನ್ ಇದ್ದರೆ ಸ್ವಲ್ಪ ಬಿಚ್ಚಿಸಿ. ಹಳೆಯ ಹೊಲಿಗೆಯ ಗೆರೆ ಸಣ್ಣಗೆ ಕಾಣಬಹುದು, ಪರವಾಗಿಲ್ಲ. ಇಷ್ಟು ಮಾಡಿದ ಮೇಲೂ ಈ ಪ್ಯಾಂಟನ್ನು ಮೊದಲಿನ ಹಾಗೆ ವಾರಕ್ಕೆ ಮೂರ್ನಾಲ್ಕು ದಿನ ಹಾಕಬೇಡಿ, ತಡೆಯುವುದಿಲ್ಲ.

ಬೈಕಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಕೂರುವಾಗ, ಬ್ರೇಕ್ ಹಾಕಿದಾಗ ಸೀಟಿನ ಮೇಲೆ ಮುಂದೆ ಹಿಂದೆ ಜಾರುತ್ತೀರಿ, ಕೆಳಗೆ ಬೆವರು ಆರಲು ಗಾಳಿ ಇಲ್ಲ, ತೊಡೆ ಟ್ಯಾಂಕಿಗೆ ಒತ್ತಿರುತ್ತದೆ. ಉಣ್ಣೆ ಪ್ಯಾಂಟಿಗೆ ಇದಕ್ಕಿಂತ ಕಷ್ಟದ ಜಾಗ ಇಲ್ಲ. ಬೇರೆ ಪ್ಯಾಂಟು ಹಾಕಿಕೊಂಡು ಹೋಗಿ ಆಫೀಸಿನಲ್ಲಿ ಬದಲಾಯಿಸುವುದು ಸಾಧ್ಯ ಇದ್ದರೆ ಅದೊಂದರಿಂದಲೇ ದೊಡ್ಡ ಲಾಭ.

ಮುಂದಿನ ಸೂಟಿಗೆ ಬಟ್ಟೆ ನೋಡುವಾಗ ಸೂಪರ್ 100, 110ರ ಆಸುಪಾಸಿನಲ್ಲಿ ಇರಿ. 150 ಸೆಂಟಿಮೀಟರ್ ಪನ್ನದ ಬಟ್ಟೆಯಾದರೆ ಮೀಟರಿಗೆ 280 ಗ್ರಾಂ ಅಥವಾ ಮೇಲೆ ಇರಲಿ. ಸೆಖೆ ಅನಿಸಿದರೆ 250ರ ತನಕ ಇಳಿಯಬಹುದು, ಆದರೆ ಆಗ ನೂಲು ಬಿಗಿಯಾಗಿ ಹೊಸೆದ ಬಟ್ಟೆಯೇ ಬೇಕು. ಒಂದು ಪರೀಕ್ಷೆ ಹೇಳುತ್ತೇನೆ, ಅಂಗಡಿಯಲ್ಲಿ ನಿಂತೇ ಮಾಡಿ. ಕತ್ತರಿಸಿದ ಅಂಚಿನಿಂದ ಒಂದು ನೂಲು ಎಳೆದು ಎರಡು ಬೆರಳಲ್ಲಿ ಹಿಡಿದು ಹುರಿ ಬಿಚ್ಚುವ ಹಾಗೆ ಹೊಸೆಯಿರಿ. ಎರಡು ಎಳೆಯಾಗಿ ಬೇರೆಯಾದರೆ ಅದು ಎರಡೆಳೆ ನೂಲು. ಉದ್ದದ ಕಡೆಯಿಂದ ಒಂದು, ಅಡ್ಡದ ಕಡೆಯಿಂದ ಒಂದು ನೋಡಿ. ಎಷ್ಟೋ ಬಟ್ಟೆಯಲ್ಲಿ ಹಾಸು, ಅಂದರೆ ಉದ್ದದ ನೂಲು, ಎರಡೆಳೆ ಇದ್ದು ಹೊಕ್ಕು, ಅಂದರೆ ಅಡ್ಡದ ನೂಲು, ಒಂಟಿ ಎಳೆ ಇರುತ್ತದೆ. ಎರಡೂ ಕಡೆ ಎರಡೆಳೆ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಫ್ಲಾನೆಲ್ ತರಹದ ಸಡಿಲ ನೂಲಿನ ಬಟ್ಟೆ ಎಷ್ಟೇ ದಪ್ಪ ಇದ್ದರೂ ತೊಡೆಸಂದಿನಲ್ಲಿ ಬೇಗ ಬೋಳಾಗುತ್ತದೆ. ಸ್ವಲ್ಪ ಪಾಲಿಯೆಸ್ಟರ್ ಬೆರೆತದ್ದು ಉಜ್ಜಾಟಕ್ಕೆ ಚೆನ್ನಾಗಿ ತಡೆಯುತ್ತದೆ, ಮೈಗೆ ಸೆಖೆ ಜಾಸ್ತಿ, ಇಸ್ತ್ರಿಯಲ್ಲಿ ಹುಷಾರು ಬೇಕು. ಬೈಕು ಬಿಡಲು ಆಗದಿದ್ದರೆ ನಿಮಗೆ ಅದೇ ಸರಿಹೋಗಬಹುದು.

ಎಲ್ಲಕ್ಕಿಂತ ಮುಖ್ಯ, ಒಂದು ಕೋಟಿಗೆ ಎರಡು ಪ್ಯಾಂಟು ಹೊಲಿಸಿ, ಒಂದೇ ಥಾನಿನಿಂದ, ಒಂದೇ ದಿನ. ಆಮೇಲೆ ಹುಡುಕಿದರೆ ಅದೇ ನಂಬರಿನ ಬಟ್ಟೆ ಸಿಕ್ಕರೂ ಬಣ್ಣದ ಬ್ಯಾಚು ಬೇರೆ ಇರುತ್ತದೆ, ಅಷ್ಟರಲ್ಲಿ ಕೋಟೂ ಸ್ವಲ್ಪ ಮಾಸಿರುತ್ತದೆ. ಎರಡನ್ನೂ ಶುರುವಿನಿಂದಲೇ ಒಂದು ದಿನ ಬಿಟ್ಟು ಒಂದು ದಿನ ಹಾಕಿ. ಹೊಸದೊಂದನ್ನು ಎತ್ತಿಟ್ಟು ಹಳೆಯದನ್ನೇ ಸವೆಸುವುದು ಬೇಡ. ಹಾಕಿದ ಪ್ಯಾಂಟು ಕನಿಷ್ಠ 24 ಗಂಟೆ ಗಾಳಿಯಲ್ಲಿ ನೇತಾಡಲಿ. ಬೆವರು ಆರುತ್ತದೆ, ಮಂಡಿಯ ಉಬ್ಬು, ಸೀಟಿನ ಸುಕ್ಕು ತಾನಾಗೇ ಇಳಿಯುತ್ತದೆ. ಕ್ಲಿಪ್ ಹ್ಯಾಂಗರಿಗೆ ಅಂಚು ಮೇಲೆ ಮಾಡಿ ಸಿಕ್ಕಿಸಿದರೆ ಸೊಂಟದ ಭಾರಕ್ಕೇ ಇಸ್ತ್ರಿ ಗೆರೆ ನೇರವಾಗುತ್ತದೆ.

ಟೈಲರ್ ಹತ್ತಿರ ಹೇಳಬೇಕಾದ್ದು ಇಷ್ಟು. ತೊಡೆಯಲ್ಲಿ ಕೂತಾಗಲೂ ಎರಡು ಬೆರಳಲ್ಲಿ ಬಟ್ಟೆ ಹಿಡಿಯುವಷ್ಟು ಲೂಸ್ ಬೇಕು, ತೊಡೆಸಂದು ಎತ್ತರದಲ್ಲಿರಲಿ, ಹಿಂದಿನ ಹೊಲಿಗೆಯಲ್ಲೂ ಒಳತೊಡೆಯಲ್ಲೂ ಒಂದು ಇಂಚಾದರೂ ಮಾರ್ಜಿನ್ ಬಿಡಿ, ಒಳಗೆ ಕಾಟನ್ ತುಂಡು ಇಡಿ, ಅಂಚಿಗೆ ಟೇಪು ಹಾಕಿ, ಉಳಿದ ಬಟ್ಟೆ ನನಗೆ ಕೊಡಿ. ಟ್ರಯಲ್ಲಿಗೆ ಹೋದಾಗ ಕನ್ನಡಿ ಮುಂದೆ ನಿಂತು ನೋಡುವುದಷ್ಟೇ ಅಲ್ಲ, ಕುರ್ಚಿಯಲ್ಲಿ ಕೂತು, ಎರಡು ಮೆಟ್ಟಿಲು ಹತ್ತಿ ನೋಡಿ. ಹೊಸ ಪ್ಯಾಂಟನ್ನು ತಿಂಗಳಿಗೊಮ್ಮೆ ಬೆಳಕಿಗೆ ಹಿಡಿಯಿರಿ. ಉಂಡೆ ಏಳುವ ಹಂತದಲ್ಲೇ ಅವನ್ನು ಕಿತ್ತು ಎಳೆಯದೆ ಕತ್ತರಿಯಿಂದ ಸವರಿ, ನುಣ್ಣಗೆ ಬೋಳಾಗಲು ಶುರುವಾದರೆ ಒಳಗಿನಿಂದ ಆಧಾರ ಹೊಲಿಸಲು ಆ ವಾರವೇ ಕೊಡಿ.